ಪ್ರೊಪಿಲೀನ್ ಒಳಗೆ, ಪ್ರೊಪೇನ್ ಹೊರಗೆ: ಹರಳಿನ ಜರಡಿ ಬಂದರೂ ಕಾಲಂ ಯಾಕೆ ನಿಂತಿದೆ?

ಪ್ರಶ್ನೆ: ನಾನು ಮಂಗಳೂರು ಕಡೆಯವನು. ಪ್ರೊಪಿಲೀನ್ ಘಟಕವೊಂದರಲ್ಲಿ ಹದಿನಾಲ್ಕು ವರ್ಷದಿಂದ ಶಿಫ್ಟ್ ಕೆಲಸ ಮಾಡುತ್ತಿದ್ದೇನೆ. ಪ್ರೊಪಿಲೀನ್ ಮತ್ತು ಪ್ರೊಪೇನ್ ಬೇರೆ ಮಾಡುವ ಕಾಲಂ ನಮ್ಮಲ್ಲಿ ಎಲ್ಲಕ್ಕಿಂತ ಎತ್ತರ. 2025ರ ರಸಾಯನಶಾಸ್ತ್ರದ ನೊಬೆಲ್ ತೂತುಗಳಿರುವ ಹರಳುಗಳಿಗೆ ಸಿಕ್ಕಿತು, ಅವು ಅನಿಲಗಳನ್ನು ಜರಡಿ ಹಿಡಿದ ಹಾಗೆ ಬೇರೆ ಮಾಡುತ್ತವೆ ಎಂದು ಓದಿದೆ. ಎರಡು ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಇರುವಾಗ ಜರಡಿ ಹೇಗೆ ಸಾಧ್ಯ? ತೂತನ್ನು ಬೇಕಾದ ಅಳತೆಗೆ ಮಾಡುವುದು ಹೇಗೆ? ಅದು ಸಾಧ್ಯವಾಗಿದ್ದರೆ ನಮ್ಮ ಕಾಲಂ ಇನ್ನೂ ಯಾಕಿದೆ? ಮಗಳು ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಇದೇ ವಿಷಯದಲ್ಲಿ ಮುಂದುವರಿಯುವ ಆಸೆ ಅವಳಿಗೆ. ಕಳಿಸಬಹುದೇ?

ಉತ್ತರ: ನಿಮ್ಮ ಕಾಲಂ ಸದ್ಯಕ್ಕೆ ಎಲ್ಲೂ ಹೋಗುವುದಿಲ್ಲ. ನೀವು ನಿವೃತ್ತರಾಗುವ ದಿನವೂ ಅದು ಅಲ್ಲೇ ನಿಂತಿರುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಅದಕ್ಕೆ ಕಾರಣ ಜರಡಿ ಸಿಗದೇ ಇರುವುದಲ್ಲ. ಪ್ರೊಪಿಲೀನನ್ನು ಒಳಗೆ ಬಿಟ್ಟು ಪ್ರೊಪೇನನ್ನು ಬಾಗಿಲಲ್ಲೇ ನಿಲ್ಲಿಸುವ ಹರಳು 2016ರಲ್ಲೇ ತಯಾರಾಗಿದೆ. ಕಷ್ಟ ಇರುವುದು ಒಳಗೆ ಹೋದದ್ದನ್ನು ಮತ್ತೆ ಹೊರಗೆ ತರುವುದರಲ್ಲಿ. ಇಷ್ಟು ವರ್ಷ ಈ ಪುಡಿಗಳ ಜೊತೆ ಏಗಿ ನಾನು ಕಲಿತದ್ದು ಮುಖ್ಯವಾಗಿ ಇದೊಂದೇ.

ಕಾಲಂ ನೋಡಿರದ ಓದುಗರಿಗಾಗಿ ಎರಡು ಮಾತು. ಕಾಲಂ ಅಂದರೆ ಮಿಶ್ರಣವನ್ನು ಕುದಿಸಿ ಬೇರೆ ಮಾಡುವ ಎತ್ತರದ ಗೋಪುರ. ಸಾಮಾನ್ಯ ಒತ್ತಡದಲ್ಲಿ ಪ್ರೊಪಿಲೀನ್ ಕುದಿಯುವುದು ಮೈನಸ್ 47.6 ಡಿಗ್ರಿಯಲ್ಲಿ, ಪ್ರೊಪೇನ್ ಮೈನಸ್ 42.1ರಲ್ಲಿ. ಐದೂವರೆ ಡಿಗ್ರಿ ಅಂತರ. ಇಷ್ಟು ಸಣ್ಣ ಅಂತರವನ್ನು ನಂಬಿಕೊಂಡು ಎರಡನ್ನೂ ಬೇರೆ ಮಾಡಬೇಕಾದರೆ ಒಂದು ಸಲ ಕುದಿಸಿದರೆ ಸಾಲದು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಟ್ರೇಗಳನ್ನು ಜೋಡಿಸುತ್ತಾರೆ. ಪ್ರತಿ ಟ್ರೇಯಲ್ಲೂ ಆವಿ ಸ್ವಲ್ಪ ದ್ರವವಾಗುತ್ತದೆ, ದ್ರವ ಸ್ವಲ್ಪ ಆವಿಯಾಗುತ್ತದೆ. ಪ್ರೊಪಿಲೀನ್ ಇಷ್ಟಿಷ್ಟೇ ಮೇಲೆ ಸರಿಯುತ್ತದೆ. ಪ್ಲಾಸ್ಟಿಕ್ ಮಾಡಲು ಬೇಕಾದ 99.5 ಶೇಕಡಾ ಶುದ್ಧತೆ ಬರಬೇಕಾದರೆ ನೂರೈವತ್ತು, ಇನ್ನೂರು ಟ್ರೇ ಬೇಕು. ಮೇಲೆ ಬಂದದ್ದರಲ್ಲಿ ಬಹುಪಾಲನ್ನು ಮತ್ತೆ ಕೆಳಗೆ ಸುರಿಯಬೇಕು. ಎಥಿಲೀನ್ ಮತ್ತು ಪ್ರೊಪಿಲೀನ್‌ಗಳ ಈ ಶುದ್ಧೀಕರಣಕ್ಕೇ ಜಗತ್ತಿನ ಒಟ್ಟು ಶಕ್ತಿ ಬಳಕೆಯ ಸುಮಾರು 0.3 ಶೇಕಡಾ ಹೋಗುತ್ತದೆ ಎಂದು ಅಮೆರಿಕದ ಜಾರ್ಜಿಯಾ ಟೆಕ್‌ನ ಡೇವಿಡ್ ಶಾಲ್ ಮತ್ತು ರಯಾನ್ ಲೈವ್ಲಿ 2016ರಲ್ಲಿ ಲೆಕ್ಕ ಹಾಕಿದ್ದರು. ಸಿಂಗಪುರ ದೇಶ ಒಂದು ವರ್ಷಕ್ಕೆ ಬಳಸುವಷ್ಟು ಶಕ್ತಿ ಅದು. ಆದ್ದರಿಂದಲೇ ಎಲ್ಲರಿಗೂ ಈ ಜರಡಿಯ ಆಸೆ.

ಈಗ ತೂತಿನ ವಿಷಯ. ಇಂಥ ಹರಳು ನೋಡಲು ನೀವು ನೊಬೆಲ್ ವರೆಗೆ ಹೋಗಬೇಕಿಲ್ಲ. ನಿಮ್ಮ ಘಟಕದಲ್ಲಿ ಪ್ರೊಪಿಲೀನ್ ಒಣಗಿಸುವ ಡ್ರೈಯರ್ ಇರುತ್ತದೆ ಅಲ್ವಾ? ಅದರೊಳಗೆ ಸಬ್ಬಕ್ಕಿಯಂಥ ಉಂಡೆಗಳನ್ನೋ ಸಣ್ಣ ಕಡ್ಡಿಗಳನ್ನೋ ತುಂಬಿರುತ್ತಾರೆ. ನೀವೆಲ್ಲ ಅದನ್ನು ಮಾಲಿಕ್ಯುಲರ್ ಸೀವ್ ಅನ್ನುತ್ತೀರಿ. ಅದು ಜಿಯೋಲೈಟ್ ಎಂಬ ಹರಳು. ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್ 1756ರಲ್ಲಿ ಒಂದು ಕಲ್ಲನ್ನು ಬೆಂಕಿಗೆ ಹಿಡಿದಾಗ ಅದರಿಂದ ನೀರು ಬುಸಬುಸ ಎದ್ದು ಬಂತಂತೆ. ಹಾಗಾಗಿ ಗ್ರೀಕ್ ಭಾಷೆಯಲ್ಲಿ ಕುದಿಯುವ ಕಲ್ಲು ಎಂಬ ಅರ್ಥದ ಹೆಸರಿಟ್ಟ. ಕಾರ್ಖಾನೆಗೆ ಬೇಕಾದ ಜಿಯೋಲೈಟನ್ನು ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಮಿಲ್ಟನ್ 1940ರ ದಶಕದ ಕೊನೆಯಲ್ಲಿ ಲ್ಯಾಬಿನಲ್ಲಿ ತಯಾರಿಸಿದರು.

ತೂತನ್ನು ಅಳತೆಗೆ ಮಾಡುವ ವಿದ್ಯೆಯ ಮೊದಲ ಪಾಠ ಇಲ್ಲೇ ಇದೆ. ಜಿಯೋಲೈಟ್ ಎ ಎನ್ನುವ ಹರಳಿನ ಎಲುಬು ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್‌ನಿಂದ ಆದದ್ದು. ಅದು ಬದಲಾಗುವುದಿಲ್ಲ. ಆದರೆ ಪ್ರತಿ ಕಿಟಕಿಯ ಬಳಿ ಒಂದು ಧನ ಅಯಾನು ಕಾವಲುಗಾರನ ಹಾಗೆ ಕೂತಿರುತ್ತದೆ. ಸೋಡಿಯಂ ಕೂತಿದ್ದರೆ ಕಿಟಕಿ ಸುಮಾರು 4 ಆಂಗ್‌ಸ್ಟ್ರಾಮ್. ಆಂಗ್‌ಸ್ಟ್ರಾಮ್ ಅಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಸೋಡಿಯಂ ತೆಗೆದು ಅದಕ್ಕಿಂತ ದಪ್ಪಗಿನ ಪೊಟ್ಯಾಸಿಯಂ ಕೂರಿಸಿದರೆ ಕಿಟಕಿ 3 ಆಂಗ್‌ಸ್ಟ್ರಾಮ್‌ಗೆ ಇಳಿಯುತ್ತದೆ. ಎರಡು ಸೋಡಿಯಂ ಬದಲು ಒಂದು ಕ್ಯಾಲ್ಸಿಯಂ ಕೂರಿಸಿದರೆ ಅರ್ಧ ಕಾವಲುಗಾರರೇ ಇಲ್ಲ. ಕಿಟಕಿ 5ರ ಹತ್ತಿರ ಹೋಗುತ್ತದೆ. ಡ್ರಮ್ಮಿನ ಮೇಲೆ 3ಎ, 4ಎ, 5ಎ ಎಂದು ಬರೆದಿರುತ್ತದಲ್ಲ, ಅದು ಇದೇ. ಪ್ರೊಪಿಲೀನ್ ಒಣಗಿಸಲು 3ಎ ಹಾಕುವುದೂ ಅದಕ್ಕೇ. ನೀರಿನ ಅಣು 2.65 ಆಂಗ್‌ಸ್ಟ್ರಾಮ್, ನುಸುಳಿ ಹೋಗುತ್ತದೆ. ಪ್ರೊಪಿಲೀನ್ ಹೋಗಲಾರದು. 4ಎ ಹಾಕಿದರೆ ಪ್ರೊಪಿಲೀನ್ ಕೂಡ ಒಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬಿಸಿ ಮಾಡುವಾಗ ಅಲ್ಲೇ ಗಂಟುಕಟ್ಟಿ ಮಸಿಯಾಗುತ್ತದೆ.

ಆದರೆ ನೀರು ಮತ್ತು ಪ್ರೊಪಿಲೀನ್ ನಡುವೆ ಗಾತ್ರದ ಅಂತರ ದೊಡ್ಡದು. ಪ್ರೊಪಿಲೀನ್ ಮತ್ತು ಪ್ರೊಪೇನ್ ನಡುವೆ ಇರುವುದು ಎರಡೇ ಎರಡು ಹೈಡ್ರೋಜನ್. ಅಗಲದಲ್ಲಿ ಅರ್ಧ ಆಂಗ್‌ಸ್ಟ್ರಾಮ್ ಕೂಡ ಅಂತರವಿಲ್ಲ. ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ.

ಇಲ್ಲಿ ಜರಡಿ ಎನ್ನುವ ಮಾತನ್ನೇ ಸ್ವಲ್ಪ ಹೊತ್ತು ಬದಿಗಿಡಬೇಕು. ಕೋವಿಡ್ ಸಮಯದಲ್ಲಿ ಮನೆಮನೆಗೆ ಬಂದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ನೆನಪಿದೆಯಾ? ಅದರೊಳಗೂ ಜಿಯೋಲೈಟ್ ಇರುತ್ತದೆ. 2021ರ ಮೇ ತಿಂಗಳಲ್ಲಿ ಆಸ್ಪತ್ರೆಗಳ ಆಕ್ಸಿಜನ್ ಘಟಕಗಳಿಗೆಂದು ರೋಮ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ಜಿಯೋಲೈಟ್ ತರಿಸಬೇಕಾಯಿತು. ಆ ಉಂಡೆಗಳು ಗಾಳಿಯಲ್ಲಿರುವ ನೈಟ್ರೋಜನ್ ಹಿಡಿದುಕೊಂಡು ಆಕ್ಸಿಜನನ್ನು ಮುಂದಕ್ಕೆ ಬಿಡುತ್ತವೆ. ಆದರೆ ಅಳತೆ ನೋಡಿ. ನೈಟ್ರೋಜನ್ 3.64 ಆಂಗ್‌ಸ್ಟ್ರಾಮ್, ಆಕ್ಸಿಜನ್ 3.46. ಒಳಗೆ ಸಿಕ್ಕಿಬೀಳುವುದು ದೊಡ್ಡದು! ಜರಡಿ ಆಗಿದ್ದರೆ ಉಲ್ಟಾ ಆಗಬೇಕಿತ್ತು.

ಆ ಜಿಯೋಲೈಟಿನ ಕಿಟಕಿ ಎರಡಕ್ಕೂ ಧಾರಾಳ ದೊಡ್ಡದು. ಕೆಲಸ ಮಾಡುವುದು ವಿದ್ಯುತ್ ಸೆಳೆತ. ನೈಟ್ರೋಜನ್ ಅಣುವಿನ ಎರಡು ತುದಿಗಳಲ್ಲಿ ಸ್ವಲ್ಪ ಋಣ, ನಡುವೆ ಸ್ವಲ್ಪ ಧನ. ಆಕ್ಸಿಜನ್‌ನಲ್ಲಿ ಈ ಏರುಪೇರು ತೀರಾ ಕಡಿಮೆ. ಹರಳಿನೊಳಗೆ ಲಿಥಿಯಂನಂಥ ಪುಟ್ಟ ಧನ ಅಯಾನು ಕೂರಿಸಿದರೆ ಅದು ನೈಟ್ರೋಜನ್‌ನ ತುದಿಯನ್ನು ಎಳೆದು ಹಿಡಿಯುತ್ತದೆ, ಆಕ್ಸಿಜನ್ ಕಡೆ ಅಷ್ಟಾಗಿ ತಿರುಗಿ ನೋಡುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಆರ್ಗಾನ್ ಇದೆ. ಅದಕ್ಕೂ ಈ ಏರುಪೇರು ಇಲ್ಲ, ಹಾಗಾಗಿ ಆಕ್ಸಿಜನ್ ಜೊತೆಗೇ ಹೊರಬರುತ್ತದೆ. ನೈಟ್ರೋಜನ್ ಪೂರ್ತಿ ತೆಗೆದರೂ ಈ ಯಂತ್ರದಿಂದ 95–96 ಶೇಕಡಾಕ್ಕಿಂತ ಶುದ್ಧ ಆಕ್ಸಿಜನ್ ಬರದಿರುವುದು ಇದರಿಂದಲೇ. ಸಾಮಾನ್ಯವಾಗಿ 93ರ ಆಸುಪಾಸು ಸಿಗುತ್ತದೆ.

ಹೀಗೆ ಎರಡು ಅಣು ಬೇರೆ ಮಾಡಲು ಗಾತ್ರ ಒಂದು ದಾರಿ, ಸೆಳೆತ ಇನ್ನೊಂದು. ಯಾರು ಬೇಗ ಓಡುತ್ತಾರೆ ಎನ್ನುವುದು ಮೂರನೆಯದು. ಅಸಿಟಿಲೀನ್ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡೂ 3.3 ಆಂಗ್‌ಸ್ಟ್ರಾಮ್, ಅವಳಿಜವಳಿ. ಆದರೆ ಅಸಿಟಿಲೀನ್ ತುದಿಯಲ್ಲಿ ಧನ, ಕಾರ್ಬನ್ ಡೈಆಕ್ಸೈಡ್ ತುದಿಯಲ್ಲಿ ಋಣ. ತೂತಿನ ಗೋಡೆಗೆ ಫ್ಲೋರಿನ್ ಇಟ್ಟರೆ ಅಸಿಟಿಲೀನ್ ತುದಿಯ ಹೈಡ್ರೋಜನ್ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

ಗೋಡೆಗೆ ನಮಗೆ ಬೇಕಾದ್ದನ್ನು ಇಡುವುದು ಜಿಯೋಲೈಟಿನಲ್ಲಿ ಕಷ್ಟ. ಅದರ ಎಲುಬು ಒಂದೇ ತರಹದ್ದು. ನೊಬೆಲ್ ಬಂದ ಹರಳುಗಳು ಬೇರೆಯಾಗುವುದು ಇಲ್ಲೇ. ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್ ಎಂದು ಪೂರ್ತಿ ಹೆಸರು. ಲೋಹ-ಸಾವಯವ ಚೌಕಟ್ಟು ಎನ್ನಬಹುದು. ಲ್ಯಾಬಿನಲ್ಲಿ ನಾವು ಸುಮ್ನೆ ಮಾಫ್ ಅನ್ನುತ್ತೇವೆ. ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಚುಕ್ಕಿಗಳು ಲೋಹದ ಅಯಾನುಗಳು, ಗೆರೆಗಳು ಇಂಗಾಲದ ಕಡ್ಡಿಯಂಥ ಅಣುಗಳು. ಅದನ್ನೇ ನೆಲದ ಮೇಲೆ ಬಿಡದೆ ಮೇಲಕ್ಕೂ ಬೆಳೆಸಿ. ನಡುವಿನ ಖಾಲಿ ಮನೆಗಳೇ ನಮ್ಮ ತೂತು. ಗೆರೆ ಉದ್ದ ಮಾಡಿದರೆ ಮನೆ ದೊಡ್ಡದಾಗುತ್ತದೆ. ಚುಕ್ಕಿ ಬದಲಿಸಿದರೆ ರಂಗೋಲಿಯ ಆಕಾರವೇ ಬದಲಾಗುತ್ತದೆ.

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರಾಬ್ಸನ್ 1974ರಲ್ಲಿ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಮರದ ಗುಂಡುಗಳ ಮಾದರಿ ಮಾಡಿಸುತ್ತಿದ್ದರು. ಕಡ್ಡಿ ಸಿಕ್ಕಿಸಲು ಗುಂಡಿನ ಯಾವ ಜಾಗದಲ್ಲಿ ತೂತು ಕೊರೆಯಬೇಕು ಎಂದು ಬಡಗಿಗೆ ಗುರುತು ಮಾಡಿ ಕೊಡುವಾಗ ಅವರಿಗೆ ಹೊಳೆಯಿತು: ಗುಂಡಿನ ತೂತುಗಳಲ್ಲೇ ಇಡೀ ಕಟ್ಟಡದ ನಕ್ಷೆ ಅಡಗಿದೆ. 1989ರಲ್ಲಿ ತಾಮ್ರದ ಅಯಾನು ಮತ್ತು ನಾಲ್ಕು ಕೈಯ ಅಣು ಸೇರಿಸಿ ಅದನ್ನೇ ಮಾಡಿ ತೋರಿಸಿದರು. ಆ ಹರಳುಗಳು ಬಹಳ ನಾಜೂಕು. ಜಪಾನಿನ ಸುಸುಮು ಕಿಟಗಾವ 1997ರಲ್ಲಿ ಇಂಥ ಹರಳಿನೊಳಗೆ ಅನಿಲ ಹೋಗಿ ಬರುವುದನ್ನು ತೋರಿಸಿದರು. ಒಮರ್ ಯಾಘಿ 1999ರಲ್ಲಿ ಮಾಫ್-5 ಮಾಡಿದರು. ಸತು, ಜೊತೆಗೆ ಟೆರೆಫ್ತಾಲಿಕ್ ಆಮ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೆ ಹೋಗುವುದೂ ಇದೇ ಆಮ್ಲ. ಮಾಫ್-5ರ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 3,000 ಚದರ ಮೀಟರ್. 30 ಗುಂಟೆ ಜಮೀನು. ನಿಮ್ಮ ಕಡೆ ಲೆಕ್ಕದಲ್ಲಿ 74 ಸೆಂಟ್ಸ್.

ಈ ಸಂಖ್ಯೆ ಕೇಳಿ ಎಲ್ಲರೂ ಬೆರಗಾಗುತ್ತಾರೆ. ನಾನೂ ಆಗಿದ್ದೆ. ಅನಿಲ ತುಂಬಿಡಲು ಅದು ಬೇಕು. ಬೇರೆ ಮಾಡಲು ಮಾತ್ರ ಅದರಿಂದ ಅಂಥ ಲಾಭವಿಲ್ಲ. ದೊಡ್ಡ ಹಜಾರದಲ್ಲಿ ಎಲ್ಲರೂ ಆರಾಮಾಗಿ ಓಡಾಡುತ್ತಾರೆ. ಯಾರು ಯಾರೆಂದು ಕೇಳಬೇಕಾದರೆ ಬಾಗಿಲು ಕಿರಿದಾಗಿರಬೇಕು.

ನಿಮಗೆ ಬೇಕಾದ ಹರಳಿನ ಕತೆ ಇದು. ಮಾಫ್-5ರ ಪ್ರಬಂಧದಲ್ಲಿ ಯಾಘಿ ಜೊತೆಗಿದ್ದ ಮೊಹಮ್ಮದ್ ಎದ್ದಾವುದಿ ಆಮೇಲೆ ಸೌದಿ ಅರೇಬಿಯಾದ ಕೌಸ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಗುಂಪಿನ ಬಳಿ ಒಂದು ಹಳೆಯ ನಕ್ಷೆ ಇತ್ತು. ನಿಕ್ಕಲ್ ಮತ್ತು ಪೈರಜೀನ್ ಎಂಬ ಉಂಗುರದಂಥ ಅಣು ಸೇರಿ ಚೌಕ ಚೌಕದ ಜಾಲರಿ. ಜಾಲರಿಗಳ ನಡುವೆ ಕಂಬ. ಕಂಬದಲ್ಲಿ ಸಿಲಿಕಾನ್, ಅದರ ಸುತ್ತ ಆರು ಫ್ಲೋರಿನ್. ಅದರ ಬಾಗಿಲು ಪ್ರೊಪಿಲೀನ್, ಪ್ರೊಪೇನ್ ಎರಡನ್ನೂ ಬಿಡುವಷ್ಟು ಅಗಲ. ಬಾಗಿಲು ಕಿರಿದು ಮಾಡುವುದು ಹೇಗೆ? ಅವರು ಬಾಗಿಲನ್ನು ಮುಟ್ಟಲೇ ಇಲ್ಲ. ಕಂಬ ಬದಲಿಸಿದರು. ಸಿಲಿಕಾನ್ ಜಾಗದಲ್ಲಿ ಅದಕ್ಕಿಂತ ದಪ್ಪಗಿನ ನಯೋಬಿಯಂ ಬಂತು. ಕಂಬ ಉಬ್ಬಿದ್ದರಿಂದ ಪಕ್ಕದ ಪೈರಜೀನ್ ಉಂಗುರಗಳಿಗೆ ನೇರ ನಿಲ್ಲಲು ಜಾಗ ಸಾಲದೆ ವಾಲಿಕೊಂಡವು. ವಾಲಿದ ಉಂಗುರಗಳು ಬಾಗಿಲಿಗೆ ಅಡ್ಡ ಬಂದವು. ಸುಮಾರು 5 ಆಂಗ್‌ಸ್ಟ್ರಾಮ್ ಇದ್ದ ಬಾಗಿಲು 3ಕ್ಕೆ ಇಳಿಯಿತು. ಇದೇ ಕೌಸ್ಟ್-7. ಕೋಣೆಯ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಪ್ರೊಪಿಲೀನ್ ಒಳಗೆ ಹೋಗುತ್ತದೆ, ಪ್ರೊಪೇನ್ ಹೋಗುವುದಿಲ್ಲ. 2016ರಲ್ಲಿ ಈ ಪ್ರಬಂಧ ಬಂದಾಗ ನಾನು ಅದನ್ನು ಎರಡು ಸಲ ಓದಿದೆ. ಒಂದು ಪರಮಾಣುವಿನ ದಪ್ಪ ಬದಲಿಸಿ ಪಕ್ಕದವರನ್ನು ವಾಲಿಸುವ ಈ ಉಪಾಯ ನನಗೆ ಇವತ್ತಿಗೂ ಇಷ್ಟ.

3 ಆಂಗ್‌ಸ್ಟ್ರಾಮ್ ಬಾಗಿಲಲ್ಲಿ 4ಕ್ಕೂ ಜಾಸ್ತಿ ಅಗಲದ ಪ್ರೊಪಿಲೀನ್ ಹೇಗೆ ನುಸುಳಿತು ಅಂತ ಕೇಳುತ್ತೀರಿ. ಅಣುಗಳು ಗೋಲಿಗಳಲ್ಲ, ಬಾಗಿಲೂ ಕಬ್ಬಿಣದ್ದಲ್ಲ. ಪೈರಜೀನ್ ಉಂಗುರ ಸ್ವಲ್ಪ ಹೊರಳಾಡುತ್ತದೆ, ಪ್ರೊಪಿಲೀನ್ ಚಪ್ಪಟೆ ಕಡೆಯಿಂದ ನುಗ್ಗುತ್ತದೆ. ಜಿಫ್-8 ಎನ್ನುವ ಇನ್ನೊಂದು ಪ್ರಸಿದ್ಧ ಹರಳಿನಲ್ಲೂ ಹೀಗೆಯೇ. ಎಕ್ಸ್‌-ರೇ ಲೆಕ್ಕದಲ್ಲಿ ಬಾಗಿಲು 3.4, ದಾಟುವ ಅಣುಗಳು ಅದಕ್ಕಿಂತ ದೊಡ್ಡವು.

ಅಂದರೆ ಜರಡಿ ಸಿಕ್ಕಿತು. ಈಗ ಅದನ್ನು ನಿಮ್ಮ ಘಟಕಕ್ಕೆ ತರೋಣ.

ಟವರ್ ತುಂಬ ಹರಳು ತುಂಬಿ ಮಿಶ್ರಣ ಹಾಯಿಸಿದಿರಿ. ಪ್ರೊಪೇನ್ ಆ ಕಡೆಯಿಂದ ಹೊರಗೆ ಹೋಯಿತು. ನಿಮಗೆ ಬೇಕಾದ ಪ್ರೊಪಿಲೀನ್ ಎಲ್ಲಿದೆ? ಹರಳಿನೊಳಗೆ ಕೂತಿದೆ. ಅದನ್ನು ಹೊರಗೆ ತರಲು ಒತ್ತಡ ಇಳಿಸಬೇಕು, ಇಲ್ಲವೇ ಬಿಸಿ ಮಾಡಬೇಕು. ಹಿಡಿದುಕೊಳ್ಳುವಾಗ ಎಷ್ಟು ಶಾಖ ಹೊರಬಂತೋ ಬಿಡಿಸುವಾಗ ಅಷ್ಟನ್ನೂ ವಾಪಸು ಕೊಡಬೇಕು. ಹಲಸಿನ ಹಣ್ಣು ಬಿಡಿಸಿದ ಕೈ ಗೊತ್ತಲ್ಲ. ಮೇಣ ಎಷ್ಟು ಗಟ್ಟಿಯಾಗಿ ಅಂಟುತ್ತದೋ ಅಷ್ಟೇ ಎಣ್ಣೆ ಹಚ್ಚಿ ಉಜ್ಜಬೇಕು. ಯುವ ಸಂಶೋಧಕರು ನಮ್ಮ ಹರಳು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಖುಷಿಯಿಂದ ಹೇಳಿದಾಗ ನಾನು ಕೇಳುವುದು ಒಂದೇ, ಎಷ್ಟು ಖರ್ಚಿಗೆ ಬಿಡುತ್ತದೆ?

ಎಥಿಲೀನ್ ಜಗತ್ತಿನಲ್ಲಿ ಇದಕ್ಕೊಂದು ಚಂದದ ಪಾಠವಿದೆ. ಎಥಿಲೀನ್ ಮತ್ತು ಈಥೇನ್ ಮಿಶ್ರಣದಲ್ಲಿ ನಮಗೆ ಬೇಕಾದದ್ದು ಎಥಿಲೀನ್, ಅದೇ ಜಾಸ್ತಿ ಇರುತ್ತದೆ. ಎಥಿಲೀನ್‌ನಲ್ಲಿ ಜೋಡಿ ಬಂಧ ಇರುವುದರಿಂದ ಲೋಹಗಳಿಗೆ ಅದರ ಮೇಲೆ ಮೋಹ. ಹಾಗಾಗಿ ವರ್ಷಗಟ್ಟಲೆ ಎಲ್ಲರೂ ಎಥಿಲೀನ್ ಹಿಡಿಯುವ ಹರಳುಗಳನ್ನೇ ಮಾಡಿದರು. ಒಳ್ಳೆಯವೂ ಬಂದವು. 2018ರ ಯುಟಿಎಸ್‌ಎ-280 ಬರೀ ಕ್ಯಾಲ್ಸಿಯಂ ಮತ್ತು ಸ್ಕ್ವಾರಿಕ್ ಆಮ್ಲದ್ದು, ನೀರಿನಲ್ಲೇ ತಯಾರಾಗುತ್ತದೆ. ಆದರೆ ಸ್ವಲ್ಪ ಯೋಚಿಸಿ. ನಾವು ಅಕ್ಕಿಯಿಂದ ಕಲ್ಲು ಆರಿಸುತ್ತೇವೆಯೇ ಹೊರತು ಕಲ್ಲು ಬಿಟ್ಟು ಒಂದೊಂದೇ ಅಕ್ಕಿ ಆರಿಸುತ್ತೇವಾ? ಕಡಿಮೆ ಇರುವ ಈಥೇನನ್ನು ಹಿಡಿದಿಟ್ಟುಕೊಂಡರೆ ಶುದ್ಧ ಎಥಿಲೀನ್ ಮೊದಲ ಸುತ್ತಿನಲ್ಲೇ ನೇರವಾಗಿ ಹೊರಬರುತ್ತದೆ. 2018ರಲ್ಲೇ ಕಬ್ಬಿಣದ ಒಂದು ಮಾಫ್‌ಗೆ ಆಕ್ಸಿಜನ್ ಕೂರಿಸಿ, ಲೋಹದ ಮೋಹ ಮುಚ್ಚಿಹಾಕಿ, ಈಥೇನ್ ಹಿಡಿಯುವಂತೆ ಮಾಡಿದರು. 99.99 ಶೇಕಡಾ ಶುದ್ಧ ಎಥಿಲೀನ್ ಒಂದೇ ಸುತ್ತಿಗೆ ಬಂತು. ಆದರೆ ಆ ಹರಳಿಗೆ ಹೊರಗಿನ ಗಾಳಿ ತಾಗಿದರೆ ಆಗದು. ಹೀಗೆ ಒಂದು ಕೊಟ್ಟರೆ ಇನ್ನೊಂದು ಕಸಿದುಕೊಳ್ಳುತ್ತವೆ.

ಗಾಳಿ ಅಂದೆ. ಅದರಲ್ಲಿರುವ ತೇವ ಈ ಕ್ಷೇತ್ರದ ದೊಡ್ಡ ಶತ್ರು. ಲೋಹದ ಜಾಗ ಖಾಲಿ ಬಿಟ್ಟರೆ ಅನಿಲ ಚೆನ್ನಾಗಿ ಅಂಟುತ್ತದೆ. ಆದರೆ ನೀರು ಅದಕ್ಕಿಂತ ಚೆನ್ನಾಗಿ ಅಂಟುತ್ತದೆ. ಕೆಲವು ಹರಳುಗಳಲ್ಲಿ ಲೋಹ ಮತ್ತು ಕಡ್ಡಿಯ ನಡುವಿನ ಬೆಸುಗೆಯನ್ನೇ ಬಿಡಿಸಿ ಹಾಕುತ್ತದೆ. ನಾನು ಹೊಸಬನಾಗಿದ್ದಾಗ ಮೊದಲ ಬಾರಿ ಒಳ್ಳೆಯ ಮಾಫ್-5 ಮಾಡಿದ್ದೆ. ಕಲ್ಲುಸಕ್ಕರೆ ಚೂರಿನ ಹಾಗೆ ಹೊಳೆಯುವ ಘನಾಕಾರದ ಹರಳು. ಜುಲೈ ತಿಂಗಳು, ಹೊರಗೆ ಜಡಿಮಳೆ. ಸೀಸೆಯ ಮುಚ್ಚಳ ಸರಿಯಾಗಿ ತಿರುಗಿಸದೆ ಊಟಕ್ಕೆ ಹೋದೆ, ಆಮೇಲೆ ಮರೆತು ಮನೆಗೂ ಹೋದೆ. ಬೆಳಗ್ಗೆ ಬಂದು ನೋಡಿದರೆ ಹರಳೆಲ್ಲ ಸುಣ್ಣದ ಪುಡಿಯಂತೆ ಬೆಳ್ಳಗಾಗಿದ್ದವು. ಒಳಗಿನ 30 ಗುಂಟೆ ಹೋಗಿತ್ತು. ನನ್ನ ಗೈಡ್ ಬಯ್ಯಲಿಲ್ಲ. ಮಂಗಳೂರಿನ ಮಳೆಗಾಲಕ್ಕೆ ಇದನ್ನು ಕಳಿಸೋಣವಾ ಎಂದು ಕೇಳಿ ನಕ್ಕರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಹಾಗಾದರೆ ಇವುಗಳಲ್ಲಿ ಲ್ಯಾಬ್ ದಾಟಿ ಹೊರಬಂದವು ಯಾವುವು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ್ಫ್-20. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜಾರ್ಜ್ ಶಿಮಿಜು ಅವರ ಗುಂಪಿನದು, 2021ರಲ್ಲಿ ವಿವರವಾಗಿ ಪ್ರಕಟವಾಯಿತು. ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ. ಬೇಕಾದ ಸಾಮಾನು ಸತು, ಆಕ್ಸಲಿಕ್ ಆಮ್ಲ, ಟ್ರಯಜೋಲ್ ಅಷ್ಟೇ. ಅಪರೂಪದ್ದು ಒಂದೂ ಇಲ್ಲ. ಹಿಡಿಯುವ ಪ್ರಮಾಣದಲ್ಲಿ ಇದು ದಾಖಲೆ ಹರಳೇನೂ ಅಲ್ಲ. ಮೆಗ್ನೀಸಿಯಂನ ಮಾಫ್-74 ಇದಕ್ಕಿಂತ ಹೆಚ್ಚು ಹಿಡಿಯುತ್ತದೆ, ಆದರೆ ತೇವ ತಾಗಿದರೆ ಸೋಲುತ್ತದೆ. ಕಾಲ್ಫ್-20ರಲ್ಲಿ ಖಾಲಿ ಲೋಹದ ಜಾಗವೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ತೂತಿನ ನಡುವೆ ಮೆಲ್ಲಗೆ ಕೂರುತ್ತದೆ. ಒಂದು ಮೋಲ್‌ಗೆ ಸುಮಾರು 39 ಕಿಲೋಜೂಲ್ ಹಿಡಿತ. ಕಾರ್ಖಾನೆಗಳು ಈಗ ಬಳಸುವ ಅಮೀನ್ ದ್ರಾವಣದಲ್ಲಿ ಇದು 80ಕ್ಕೂ ಜಾಸ್ತಿ. ಅಂದರೆ ಹಿಡಿತ ಬಿಡಿಸಲು ಬೇಕಾದ ಶಾಖ ಅರ್ಧಕ್ಕರ್ಧ ಕಡಿಮೆ. ಗಾಳಿಯ ತೇವಾಂಶ 40 ಶೇಕಡಾ ದಾಟುವವರೆಗೂ ನೀರಿಗಿಂತ ಕಾರ್ಬನ್ ಡೈಆಕ್ಸೈಡನ್ನೇ ಇಷ್ಟಪಡುತ್ತದೆ. ಬಿಸಿ ಹಬೆ ಬಿಟ್ಟು ಬಿಡಿಸಿದರೂ ಹಾಳಾಗುವುದಿಲ್ಲ. ಕೆನಡಾದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಬಿಎಎಸ್‌ಎಫ್ ಕಂಪನಿ ಟನ್‌ಗಟ್ಟಲೆ ತಯಾರಿಸುತ್ತದೆ. ಆ ಪ್ರಬಂಧದ ಲೇಖಕರಲ್ಲಿ ರಾಮನಾಥನ್ ವೈದ್ಯನಾಥನ್ ಒಬ್ಬರು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ಜೊತೆ ಇಂಥ ತೆರೆದ ಚೌಕಟ್ಟುಗಳ ಮೇಲೆ ಕೆಲಸ ಮಾಡಿ ಹೋದವರು, ಈಗ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿದ್ದಾರೆ.

ಕಾಲ್ಫ್-20 ಗೆದ್ದಿತು. ಹಾಗಾದರೆ ಕೌಸ್ಟ್-7 ನಿಮ್ಮ ಕಾಲಂ ಜಾಗಕ್ಕೆ ಯಾಕೆ ಬರಲಿಲ್ಲ? ನಿಮ್ಮ ಕಾಲಂನ ಕೆಲಸವನ್ನೇ ಗಮನಿಸಿ. ಅದು ಹಗಲೂ ರಾತ್ರಿ ಓಡುತ್ತದೆ. ಪ್ರೊಪಿಲೀನನ್ನು ಒತ್ತಡದಲ್ಲೇ, ದ್ರವವಾಗಿ, ಪಂಪಿಗೆ ಸಿದ್ಧವಾಗಿ ಕೊಡುತ್ತದೆ. ಹರಳಿನ ಟವರ್ ಅದನ್ನು ಕಡಿಮೆ ಒತ್ತಡದ ಅನಿಲವಾಗಿ ಕೊಡುತ್ತದೆ. ಮತ್ತೆ ಕಂಪ್ರೆಸರ್ ಹಾಕಿ ಒತ್ತಬೇಕು. ಉಳಿಸಿದ ಶಕ್ತಿಯಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಕೌಸ್ಟ್-7 ಹಿಡಿಯುವುದೂ ಸ್ವಲ್ಪ, ಬಾಗಿಲು ಅಷ್ಟು ಕಿರಿದಾಗಿರುವುದರಿಂದ ಅಣುಗಳ ಓಡಾಟವೂ ನಿಧಾನ. ಅದನ್ನು ತಯಾರಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು, ಗಾಜನ್ನೇ ತಿನ್ನುವ ಆಮ್ಲ. ಟನ್ ಲೆಕ್ಕದಲ್ಲಿ ಅದರ ಜೊತೆ ಕೆಲಸ ಮಾಡುವುದು ಹೇಗೆ ಎಂದು ನಿಮಗೇ ಗೊತ್ತು. ನಿಮ್ಮ ಫೀಡ್‌ನಲ್ಲಿ, ಅಂದರೆ ಕಾಲಂಗೆ ಬರುವ ಮಿಶ್ರಣದಲ್ಲಿ, ಪ್ರೊಪಿಲೀನ್, ಪ್ರೊಪೇನ್ ಎರಡೇ ಇರುವುದಿಲ್ಲ. ಗಂಧಕದ ಚೂರುಪಾರು, ಮಿಥೈಲ್ ಅಸಿಟಿಲೀನ್, ಪ್ರೊಪಡೈಯೀನ್ ಎಲ್ಲ ಇರುತ್ತವೆ. ಲ್ಯಾಬಿನ ಸಿಲಿಂಡರಿನಲ್ಲಿ ಇರುವುದಿಲ್ಲ. ಇನ್ನು ಹೊಸ ಕಾಲಂಗಳಿಗೆ ಹೀಟ್ ಪಂಪ್ ಕೂರಿಸಿ ಮೇಲಿನ ಆವಿಯ ಶಾಖವನ್ನೇ ಕೆಳಗೆ ಬಳಸುತ್ತಾರೆ. ನಾವು ಸೋಲಿಸಬೇಕಾದ ಎದುರಾಳಿಯೂ ಸುಮ್ಮನೆ ಕೂತಿಲ್ಲ.

ಪುಡಿ ಪುಡಿಯಾಗಿಯೇ ಟವರಿಗೆ ಹೋಗುವುದಿಲ್ಲ ಎನ್ನುವುದೂ ಪ್ರಬಂಧಗಳಲ್ಲಿ ಕಾಣುವುದಿಲ್ಲ. ಹಿಟ್ಟಿನಂಥ ಪುಡಿ ತುಂಬಿ ಅನಿಲ ಹಾಯಿಸಿದರೆ ಒಂದೋ ಕಟ್ಟಿಕೊಳ್ಳುತ್ತದೆ, ಇಲ್ಲವೇ ಹಾರಿ ಹೋಗುತ್ತದೆ. ಅಂಟು ಬೆರೆಸಿ ಉಂಡೆ ಕಟ್ಟಬೇಕು. ಅಂಟು ಜಾಸ್ತಿಯಾದರೆ ತೂತು ಮುಚ್ಚುತ್ತದೆ, ಕಡಿಮೆಯಾದರೆ ಉಂಡೆ ಒಡೆದು ಧೂಳಾಗುತ್ತದೆ. ಗಟ್ಟಿಯಾಗಿ ಒತ್ತಿದರೆ ಹರಳೇ ಕುಸಿಯಬಹುದು. ರವೆ ಉಂಡೆ ಕಟ್ಟಿದವರಿಗೆ ಈ ಕಷ್ಟ ಅರ್ಥವಾಗುತ್ತದೆ.

ಹಾಗಂತ ನಿಮ್ಮ ಘಟಕಕ್ಕೆ ಇವು ಕಾಲಿಡುವುದೇ ಇಲ್ಲ ಅಂತಲ್ಲ. ಬಂದರೆ ಪಕ್ಕದ ಬಾಗಿಲಿನಿಂದ ಬರುತ್ತವೆ. ಪಾಲಿಪ್ರೊಪಿಲೀನ್ ರಿಯಾಕ್ಟರಿನಲ್ಲಿ ಪ್ರೊಪೇನ್ ಸೇರುತ್ತಾ ಹೋಗಿ ಆಗಾಗ ಪರ್ಜ್ ಮಾಡಬೇಕಾಗುತ್ತದೆ, ಅಂದರೆ ಒಂದಷ್ಟು ಅನಿಲ ಹೊರಗೆ ಬಿಡಬೇಕಾಗುತ್ತದೆ ಅಲ್ವಾ? ಆಗ ಅದರ ಜೊತೆ ಪ್ರೊಪಿಲೀನ್ ಕೂಡ ಹೋಗುತ್ತದೆ. ಆ ಹರಿವು ಚಿಕ್ಕದು, ಆದರೆ ಅದರಲ್ಲಿ ದುಡ್ಡಿದೆ. ಅಷ್ಟಕ್ಕಾಗಿ ಇನ್ನೊಂದು ಎತ್ತರದ ಕಾಲಂ ಕಟ್ಟುವವರಿಲ್ಲ. ಜಿಫ್-8ನಂಥ ಹರಳನ್ನು ಪೊರೆಯಾಗಿ ಮಾಡಿ ಅಲ್ಲಿ ಇಟ್ಟರೆ ಹಿಡಿದು ಬಿಡಿಸುವ ರಗಳೆಯೇ ಇಲ್ಲ, ಪ್ರೊಪಿಲೀನ್ ಸುಮ್ಮನೆ ದಾಟಿಕೊಂಡು ಹೋಗುತ್ತದೆ. ಬಿರುಕಿಲ್ಲದ ದೊಡ್ಡ ಪೊರೆ ಮಾಡುವುದು ಇನ್ನೂ ಕಷ್ಟವೇ. ಆದರೂ ಪಂತ ಕಟ್ಟುವುದಾದರೆ ನಾನು ಅಲ್ಲಿ ಕಟ್ಟುತ್ತೇನೆ. ಈಗಾಗಲೇ ಮಾರುಕಟ್ಟೆಗೆ ಬಂದ ಮಾಫ್‌ಗಳೂ ಹೀಗೆ ಮೂಲೆಯಿಂದ ಬಂದವೇ. ಚಿಪ್ ಕಾರ್ಖಾನೆಗಳಿಗೆ ಆರ್ಸೀನ್, ಫಾಸ್ಫೀನ್‌ನಂಥ ವಿಷಾನಿಲ ಸಾಗಿಸುವ ಸಿಲಿಂಡರಿನಲ್ಲಿ ಮಾಫ್ ತುಂಬುತ್ತಾರೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಸೋರಿದರೂ ವಿಷ ಹೊರಗೆ ಚಿಮ್ಮುವುದಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ಖಂಡಿತ ಕಳಿಸಿ. ಜಕ್ಕೂರಿನ ಕೇಂದ್ರ, ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟ್ (ಐಐಎಸ್‌ಸಿ), ಪುಣೆಯ ಐಸರ್, ಎಲ್ಲ ಕಡೆ ಒಳ್ಳೆಯ ಕೆಲಸ ನಡೆದಿದೆ. ಹೊಸ ಹರಳು ಮಾಡುವುದು ಮಾತ್ರ ಈಗ ಅಷ್ಟು ದೊಡ್ಡ ಸಾಹಸವಲ್ಲ ಎಂದು ಅವಳಿಗೆ ಹೇಳಿ. 2012ರಲ್ಲೇ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 102 ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ 1,37,953 ಮಾಫ್‌ಗಳ ನಕ್ಷೆ ತೆಗೆದಿದ್ದರು. ನಕ್ಷೆಗೆ ಬರವಿಲ್ಲ. ಬೇಕಾಗಿರುವುದು ಒದ್ದೆ ಅನಿಲದಲ್ಲಿ, ಕೊಳಕು ಫೀಡ್‌ನಲ್ಲಿ, ಉಂಡೆ ಕಟ್ಟಿದ ಮೇಲೆ, ಐನೂರನೇ ಸುತ್ತಿನಲ್ಲಿ ಅಳೆಯುವವರು. ಕೆಮಿಸ್ಟ್ರಿ ಜೊತೆ ಸ್ವಲ್ಪ ಕೆಮಿಕಲ್ ಎಂಜಿನಿಯರಿಂಗ್ ಕಲಿಯಲಿ. ಪ್ರಬಂಧ ಓದುವಾಗ ಸೆಲೆಕ್ಟಿವಿಟಿ (ಒಂದು ಅನಿಲವನ್ನು ಇನ್ನೊಂದಕ್ಕಿಂತ ಎಷ್ಟು ಪಟ್ಟು ಹೆಚ್ಚು ಆರಿಸಿಕೊಳ್ಳುತ್ತದೆ ಎನ್ನುವ ಅಳತೆ) ಹತ್ತು ಸಾವಿರ ಎಂದು ಕಂಡರೆ, ಅದು ನಿಜವಾದ ಮಿಶ್ರಣ ಹಾಯಿಸಿ ಅಳೆದದ್ದೋ, ಒಂದೊಂದೇ ಅನಿಲ ಅಳೆದು ಲೆಕ್ಕ ಹಾಕಿದ್ದೋ ನೋಡಲಿ.

ರಜೆಗೆ ಬಂದಾಗ, ನಿಮ್ಮ ಕಂಪನಿ ಒಪ್ಪಿದರೆ, ಅವಳನ್ನು ಒಮ್ಮೆ ಪ್ರೊಪಿಲೀನ್ ಡ್ರೈಯರ್ ಹತ್ತಿರ ಕರೆದುಕೊಂಡು ಹೋಗಿ. ಒಂದು ಟವರ್ ನೀರು ಹಿಡಿಯುತ್ತಿರುವಾಗ ಇನ್ನೊಂದು ಬಿಸಿ ಅನಿಲದಲ್ಲಿ ನೀರು ಬಿಡುತ್ತಿರುತ್ತದೆ. ಆ 3ಎ ಉಂಡೆಗಳನ್ನು ಕಳೆದ ಸಲ ಯಾವ ವರ್ಷ ತುಂಬಿದರು, ಯಾಕೆ ಬದಲಿಸಬೇಕಾಯಿತು ಎಂದು ಲಾಗ್‌ಬುಕ್ಕಿನಲ್ಲಿ ಇರುತ್ತದೆ, ಅದನ್ನು ತೋರಿಸಿ. ಹಳೆಯ ಉಂಡೆ ನಾಲ್ಕು ಸಿಕ್ಕರೆ ಒಡೆದು ಒಳಗೆ ಎಷ್ಟು ಕಪ್ಪಾಗಿದೆ ಎಂದು ಅವಳೇ ನೋಡಲಿ.